ಬಿರುಕಿಲ್ಲದ ಗೋಡೆ

ನನ್ನ ಉದ್ಯೋಗವೇನೆಂದು ಹೇಳಲು ನನಗೆ ಯಾವಾಗಲೂ ಸಂಕೋಚ. ಹೇಳಿದರೆ ವಿವರಿಸಬೇಕು, ವಿವರಿಸಿದರೆ ಕೇಳಿದವರು ಆಕಳಿಸುತ್ತಾರೆ. ನಾನು ಎಂಜಿನಿಯರಿಂಗ್ ಭೂವಿಜ್ಞಾನಿ. ಅಣೆಕಟ್ಟು, ಸುರಂಗ, ಮನೆ, ಏನೇ ಕಟ್ಟುವ ಮೊದಲು ಕೆಳಗಿನ ನೆಲ ಅದನ್ನು ಹೊರುತ್ತದೆಯೇ ಎಂದು ನೋಡಿ ಹೇಳುವವನು. ಅಣ್ಣಿಗೇರಿಯಲ್ಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ, "ಹಂಗಾರ ನಮ್ಮ ಹೊಲದಾಗ ಬೋರಿಗೆ ನೀರು ಎಲ್ಲಿ ಬೀಳ್ತಾವು, ಹೇಳ್ರಿ" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಇದು ನಮ್ಮೂರಿನ ಹಣೆಬರಹವೆಂದುಕೊಂಡಿದ್ದೆ. ಮೊನ್ನೆ ಬೇರೆ ಬೇರೆ ದೇಶಗಳ ಸಹೋದ್ಯೋಗಿಗಳೊಂದಿಗೆ ಆನ್‌ಲೈನ್ ಸಭೆಯಾಯಿತು. ಜಗತ್ತಿನಲ್ಲಿ ನಮ್ಮ ವೃತ್ತಿ ಹೇಗಿದೆ ಎಂಬುದೇ ವಿಷಯ. ನಾರ್ವೆಯವಳು, ಗುಡ್ಡ ಕುಸಿದ ಮೇಲಷ್ಟೇ ನಮ್ಮನ್ನು ಕರೆಯುತ್ತಾರೆ ಎಂದಳು. ಚಿಲಿಯವನು, ಸುರಂಗಕ್ಕೆ ನೀರು ನುಗ್ಗಿದ ಮೇಲೆ ಎಂದ. ಹೊಸಬರು ಈ ಓದಿನತ್ತ ತಲೆಹಾಕುತ್ತಿಲ್ಲ ಎಂದು ಎಲ್ಲರೂ ಗೋಳಾಡಿದರು. ನನಗೋ ಅಗದಿ ಸಮಾಧಾನವಾಯಿತು. ಅವರ ಭಾವಂದಿರೂ ನನ್ನ ಭಾವನಂತೆಯೇ ಇರಬಹುದೇ ಎಂಬ ಕುತೂಹಲವೂ ಹುಟ್ಟಿತು.

ನನ್ನ ಭಾವ ಬಸವರಾಜ, ಅಕ್ಕನ ಗಂಡ. ಇಲ್ಲಿಯದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿಬಿಡುತ್ತದೆ, ಮೇಲಿನ ಗೋಡೆಗಳೂ ಸೀಳುತ್ತವೆ. ಅಕ್ಕನ ಮನೆ ಕಟ್ಟುವಾಗ ಎರೆ ದಾಟಿ ಕೆಳಗಿನ ಗಟ್ಟಿ ಗರಸು ಮಣ್ಣು ಸಿಗುವವರೆಗೆ ಪಾಯ ಅಗೆಯಬೇಕೆಂದು ನಾನು ಹಟ ಹಿಡಿದಿದ್ದೆ. "ಮನಿ ಕಟ್ಟಾಕತ್ತೇವೋ, ಬಾವಿ ತೋಡಾಕತ್ತೇವೋ?" ಎಂದು ಭಾವ ರೇಗಿದರು. ಅಕ್ಕ ನನ್ನ ಪರ ನಿಂತಿದ್ದರಿಂದ ಅಗೆಸಿದರು.

ಬೇಸಿಗೆಗಳು ಬಂದುಹೋದವು, ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ತೊಂದರೆಯಾದದ್ದು ಅಲ್ಲಿಯೇ. ಈಗ ಬಾಜೂ ಜಾಗದಲ್ಲಿ ಮಗಳಿಗೆ ಮನೆ ಶುರುಮಾಡಿದ್ದಾರೆ. ಪಾಯ ಮೊಣಕಾಲುದ್ದ.

"ಭಾವಾ, ಇದು ಸಾಲೂದಿಲ್ರಿ" ಎಂದೆ.

"ಆ ಮನಿ ನೋಡಪಾ, ಹೆಂಗ ನಿಂತೈತಿ! ನಮ್ಮ ಜಾಗದ ಮಣ್ಣ ಛಲೋ ಐತಿ. ನೀನ ಸುಮ್ಮನ ಅಷ್ಟು ಆಳ ತೋಡಿಸಿದಿ" ಎಂದರು.

ಅಕ್ಕನ ಮಗಳು ಮುಂದೆ ಬಿರುಕುಬಿಟ್ಟ ಗೋಡೆಗಳ ನಡುವೆ ಸಂಸಾರ ಮಾಡಬೇಕಲ್ಲ ಎಂದು ಸಂಕಟವಾಯಿತು. ಸೀದಾ ಅಕ್ಕನ ಮನೆಯೊಳಗೆ ಹೋಗಿ ಗೋಡೆ ತಡವತೊಡಗಿದೆ. ಕ್ಯಾಲೆಂಡರ್ ಎತ್ತಿ ಹಿಂದೆಯೂ ಇಣುಕಿದೆ.

"ಏನ ಹುಡುಕಾಕತ್ತೀಯೋ?" ಎಂದಳು ಅಕ್ಕ.

"ಒಂದು ಬಿರುಕು. ಸಣ್ಣದಿದ್ರೂ ಸಾಕು, ಭಾವಗ ತೋರಸ್ತೀನಿ."

"ನಿನಗೇನ್ ಬಂತೋ! ನಮ್ಮ ಮನಿ ಬಿರೀಲಿ ಅಂತೀ?"

ದೇವರಕೋಣೆಯನ್ನೂ ಬಿಡದೆ ನೋಡಿದೆ. ಎಲ್ಲಿಯೂ ಸಿಗಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ ಆ ಭೂವಿಜ್ಞಾನಿಯ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.