ಓವನ್ನಿಗೆ ಕೊಬ್ಬರಿ ಎಣ್ಣೆ

ನಮ್ಮ ಮನೆಯ ಕರೆಂಟ್ ಓವನ್ ಕೆಟ್ಟಿದೆ ಎಂದು ಹೆಂಡತಿ ಗಿರಿಜೆ ಹೇಳಿದಾಗ ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಒಳಗೊಳಗೇ ಖುಷಿಯಾಯಿತು! ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಲೇ ಕೂದಲು ನೆರೆಸಿಕೊಂಡ ನನ್ನೊಳಗೆ ಒಬ್ಬ ಇಂಜಿನಿಯರ್ ಮಲಗಿದ್ದಾನೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು. ಅವನನ್ನು ಎಬ್ಬಿಸಲು ಯೋಗ್ಯವಾದ ಸಂದರ್ಭವೊಂದು ಒದಗಿ ಬಂದಿರಲಿಲ್ಲ, ಅಷ್ಟೇ.

ಆದರೆ ಗಿರಿಜೆಯ ಮುಖ ನೋಡಿದರೆ ಖುಷಿಯನ್ನು ತೋರಿಸಿಕೊಳ್ಳುವ ಹಾಗಿರಲಿಲ್ಲ. ಮಾರನೆಯ ದಿನ ಬೇಲೂರಿನಲ್ಲಿ ಅವಳ ಹೈಸ್ಕೂಲಿನ ಸರೋಜಮ್ಮ ಟೀಚರಿಗೆ ಬೀಳ್ಕೊಡುಗೆ. ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ಮಾಡುತ್ತಿದ್ದ ಸಮಾರಂಭ. ಯಾರು ಏನು ತರಬೇಕೆಂಬ ಚರ್ಚೆ ಫೋನಿನ ಗುಂಪಿನಲ್ಲಿ ನಡೆದಾಗ, ಅಲ್ಲಿ ಎಂದೂ ಬಾಯಿ ಬಿಡದ ನನ್ನ ಹೆಂಡತಿ "ಕೇಕ್ ನಂದು, ಮನೇಲೇ ಮಾಡಿ ತರ್ತೀನಿ" ಎಂದುಬಿಟ್ಟಿದ್ದಳು. ಕೊನೆಯ ಬೆಂಚಿನಲ್ಲಿ ಕೂತು, ಆ ಟೀಚರ ಬಾಯಿಂದ ಒಮ್ಮೆಯೂ ಭೇಷ್ ಎನ್ನಿಸಿಕೊಳ್ಳದ ಹುಡುಗಿ ಅವಳು. "ಒಂದ್ಸಲನಾದ್ರೂ ಅವರು ನನ್ನ ಕೈಯಿಂದು ಏನಾದ್ರೂ ತಿಂದು ಚೆನ್ನಾಗಿದೆ ಅನ್ಬೇಕು ಕಣ್ರೀ" ಎಂದು ವಾರದಿಂದ ಹೇಳುತ್ತಲೇ ಇದ್ದಳು. ಈಗ ನೋಡಿದರೆ, ಕೈ ಪಳಗಲೆಂದು ಮಾಡಿದ ಮೊಟ್ಟೆಯಿಲ್ಲದ ಕೇಕು ಮೇಲೆ ಸೀದು, ಕೆಳಗೆ ಹಸಿ ಹಿಟ್ಟಾಗಿ ಕೂತಿತ್ತು.

"ಕೆಳಗಡೆ ಕಡ್ಡಿ ಕಾಯ್ತಾನೇ ಇಲ್ಲ. ಈಗಲೇ ರಿಪೇರಿ ಅಂಗಡಿಗೆ ತಗೊಂಡೋಗಿ" ಎಂದಳು.

ಆಟೋ ಹಿಡಿದು ಹೋದೆ. ಅಂಗಡಿ ಬಾಗಿಲು ಹಾಕಿತ್ತು. ಮನೆಮಂದಿಯೆಲ್ಲ ಹರಕೆ ತೀರಿಸಲು ಮಾಲೇಕಲ್ಲು ಬೆಟ್ಟದ ವೆಂಕಟರಮಣನ ಗುಡಿಗೆ ಹೋಗಿದ್ದಾರೆ ಎಂದು ಪಕ್ಕದ ಹೂವಿನವಳು ಹೇಳಿದಳು. ದೇವರು ದೊಡ್ಡವನು! ಬೇರೆ ಅಂಗಡಿ ಹುಡುಕಬಹುದಿತ್ತು. ಆದರೆ ಸಾಕ್ಷಾತ್ ವೆಂಕಟರಮಣನೇ ದಾರಿ ತೆರವು ಮಾಡಿಕೊಟ್ಟಿರುವಾಗ ಇನ್ನೊಬ್ಬರ ಬಾಗಿಲು ತಟ್ಟುವುದು ಅಪಚಾರವಾಗುತ್ತದೆ ಎಂದು ತೀರ್ಮಾನಿಸಿ, ಓವನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಆಟೋದಲ್ಲಿ ವಾಪಸಾದೆ.

"ನಾನೇ ಮಾಡ್ತೀನಿ" ಎಂದೆ.

"ಏನನ್ನ?"

"ರಿಪೇರಿನ."

ಗಿರಿಜೆ ಹೋಗಿ ಪ್ಲಗ್ಗು ಹಾಕಿದೆಯೋ ತೆಗೆದಿದೆಯೋ ಎಂದು ಎರಡೆರಡು ಸಲ ನೋಡಿ ಬಂದಳು. ಅದು ನನ್ನ ಮೇಲಿನ ನಂಬಿಕೆ ಎಂದು ನಾನು ತಿಳಿದೆ.

ಮೊದಲು ರೋಗ ಪತ್ತೆಯಾಗಬೇಕಲ್ಲ. ನಮ್ಮ ಕಸುಬಿನಲ್ಲಿ ಅದಕ್ಕೊಂದು ಕ್ರಮವಿದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಕುಳುಕುಳು ಎಂದರೆ ಇನ್ನೂ ನೀರಿದೆ. ಗಡಗಡ ಎಂದರೆ ಒಳಗೆ ಕೊಬ್ಬರಿ ಹದಕ್ಕೆ ಬಂದಿದೆ. ಈ ವಿದ್ಯೆಯಲ್ಲಿ ನನ್ನ ಕಿವಿಗೆ ಅರಸೀಕೆರೆಯಲ್ಲೇ ಹೆಸರಿದೆ. ಓವನ್ನನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಗೆ ಆನಿಸಿ, ಅಲ್ಲಾಡಿಸಿದೆ. ಗಡಗಡ ಗಡಗಡ!

"ಹದಕ್ಕೆ ಬಂದಿದೆ!" ಎಂದು ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು.

"ರೀ, ಅದು ಒಳಗಿರೋ ಕೇಕಿನ ತಟ್ಟೆ" ಎಂದಳು ಗಿರಿಜೆ.

ನಡುಮನೆಯಲ್ಲಿ ಗೋಣಿಚೀಲ ಹಾಸಿ ಶಸ್ತ್ರಚಿಕಿತ್ಸೆಗೆ ಕೂತೆ. ಫೋನಿನಲ್ಲಿ ಒಂದು ವಿಡಿಯೋ ಹಚ್ಚಿದೆ. ಅದರಲ್ಲಿದ್ದ ಮಹಾಶಯ ಮಾತಾಡುತ್ತಿದ್ದದ್ದು ಯಾವ ಭಾಷೆಯೋ ತಿಳಿಯಲಿಲ್ಲ. ಆದರೆ ಅವನು ನಗುನಗುತ್ತಾ ಸ್ಕ್ರೂ ಬಿಚ್ಚುವ ರೀತಿ ನೋಡಿದರೆ ಇದು ಅವರೆಕಾಯಿ ಬಿಡಿಸುವುದಕ್ಕಿಂತ ಸುಲಭವೆಂದು ಖಾತ್ರಿಯಾಯಿತು. ಆಯುಧಪೂಜೆಯ ವಿಭೂತಿ, ಕುಂಕುಮ ಇನ್ನೂ ಮೆತ್ತಿಕೊಂಡಿದ್ದ ಮುಂದಿನ ಗುಂಡಿಗಳನ್ನು ಕಿತ್ತು ತಟ್ಟೆಗೆ ಹಾಕಿದೆ. ಬೆನ್ನಿನ ತಗಡು ಬಿಚ್ಚಿದೆ. ಒಳಗೆ ತಂತಿಗಳು ಶಾಂತವಾಗಿ ಮಲಗಿದ್ದವು.

ಆ ಹೊತ್ತಿನ ತಪ್ಪನ್ನು ನಾನು ಮಧ್ಯಾಹ್ನದ ಮೇಲೆ ಹೊರಿಸುತ್ತೇನೆ. ಕಿಟಕಿಯಿಂದ ಬಿಸಿಲು ಇಳಿದು ಗೋಣಿಚೀಲದ ಮೇಲೆ ಬಿದ್ದಿತ್ತು. ಅಟ್ಟದಿಂದ ಕೊಬ್ಬರಿಯ ಸಿಹಿ ವಾಸನೆ ಬರುತ್ತಿತ್ತು. ಸ್ಟೇಷನ್ನಿನ ಕಡೆಯಿಂದ ಯಾವುದೋ ರೈಲು ತುಂಬಾ ನಿಧಾನವಾಗಿ ಹೊರಡುತ್ತಿತ್ತು. ಸ್ಕ್ರೂಗಳನ್ನು ತಿರುಗಿಸುತ್ತಾ ತಿರುಗಿಸುತ್ತಾ ನನ್ನ ಮನಸ್ಸೂ ಅದರ ಜೊತೆಗೇ ಹೊರಟುಬಿಟ್ಟಿತು. 'ಬಸವರಾಜು ಓವನ್ ಚಿಕಿತ್ಸಾಲಯ' ಎಂಬ ಬೋರ್ಡು ಕಂಡಿತು. ಹಳೇಬೀಡು, ಜಾವಗಲ್ಲಿನ ಕಡೆಯಿಂದ ಹೆಂಗಸರು ಓವನ್ನುಗಳನ್ನು ಸೊಂಟದ ಮೇಲಿಟ್ಟುಕೊಂಡು ಸಾಲಾಗಿ ಬರುತ್ತಿದ್ದರು. ನಾನು ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತಿದ್ದೆ, ಅದು ಕೆಂಪಗೆ ಹೊಳೆಯುತ್ತಿತ್ತು, ಅವರು ಕೈ ಮುಗಿಯುತ್ತಿದ್ದರು. ಎಂಥ ನೆಮ್ಮದಿ! ಹೀಗೇ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಎಚ್ಚರವಾದಾಗ ಕೈಯಲ್ಲೊಂದು ಸ್ಕ್ರೂ ಇತ್ತು. ಅದು ಎಲ್ಲಿಯದು ಎಂದು ನೆನಪಿರಲಿಲ್ಲ. ತೊಡೆಯ ಮೇಲೆ ಅದರ ಬಂಧುಬಳಗವೂ ಇತ್ತು.

"ಏನ್ಲಾ ಬಸ್ರಾಜ, ಟಿವಿ ಬಿಚ್ಚಾಕ್ಕೊಂಡು ಕುಂತಿದ್ದೀಯಾ?"

ಬಸ್ತಿಹಳ್ಳಿಯ ತಿಮ್ಮೇಗೌಡ. ಅವನ ತೋಟದ ಕಾಯಿ ನಮ್ಮ ಅಟ್ಟಕ್ಕೇ ಬರುವುದು, ಅವನ ಸಲಹೆ ನಮ್ಮ ಮನೆಯ ಎಲ್ಲ ವಿಷಯಕ್ಕೂ ಬರುವುದು.

"ಟಿವಿ ಅಲ್ಲ ಮಾರಾಯ, ಓವನ್ನು."

ಅವನು ಬಗ್ಗಿ ಗಾಜಿನೊಳಗೆ ಇಣುಕಿದ. "ಒಳಗೆ ಕೆಂಡನೂ ಇಲ್ಲ, ಬೆಂಕಿನೂ ಇಲ್ಲ. ಇನ್ನೆಂಗಲಾ ಬೇಯ್ತದೆ? ಕೀಲೆಲ್ಲಾ ಒಣಗೋಗೈತೆ ನೋಡು. ನಮ್ಮ ಮೋಟ್ರೂ ಹಿಂಗೇ ಮುನಿಸ್ಕೊಂಡು ಕುಂತಿತ್ತು. ಎಣ್ಣೆ ಬಿಟ್ಟೆ, ಎದ್ದೋಯ್ತು!"

ಎಣ್ಣೆ! ಈ ಸತ್ಯ ನನಗೇಕೆ ಹೊಳೆಯಲಿಲ್ಲ? ನಮ್ಮ ಮನೆಯಲ್ಲಿ ತಲೆಕೂದಲಿಗೆ, ಮಂಡಿನೋವಿಗೆ, ಬಾಗಿಲ ಕೀಲಿಗೆ, ಸುಟ್ಟ ಗಾಯಕ್ಕೆ ಎಲ್ಲಕ್ಕೂ ಒಂದೇ ಔಷಧ, ನಮ್ಮದೇ ಗಾಣದ ಕೊಬ್ಬರಿ ಎಣ್ಣೆ. ಕರೆಂಟಿನ ಯಂತ್ರಕ್ಕೆ ಮಾತ್ರ ಯಾಕೆ ಮಲತಾಯಿ ಧೋರಣೆ? ತಿಮ್ಮೇಗೌಡನನ್ನು ಕಳಿಸಿಕೊಟ್ಟು ಬಟ್ಟಲಿನಲ್ಲಿ ಎಣ್ಣೆ ತಂದೆ. ಕೀಲುಗಳಿಗೆ ಹಚ್ಚಿದೆ, ಸ್ಕ್ರೂಗಳಿಗೆ ಹಚ್ಚಿದೆ. ಕಾಯುವ ಕಡ್ಡಿಗಳಂತೂ ಬಾಣಂತಿಗೆ ತೀಡಿದ ಹಾಗೆ ತೀಡಿಸಿಕೊಂಡವು. ಆಮೇಲೆ ತಗಡು ಮುಚ್ಚಿ, ಸ್ಕ್ರೂಗಳನ್ನು ಕಂಡ ಕಂಡ ತೂತಿಗೆ ಕೂರಿಸಿ, ಗುಂಡಿಗಳನ್ನು ಸಿಕ್ಕಿಸಿದೆ. ಉಳಿದ ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡೆ. ಕಂಪನಿಯವರು ಉದಾರವಾಗಿ ಹೆಚ್ಚಿಗೆ ಕೊಟ್ಟಿರಬೇಕು.

ಪ್ಲಗ್ಗು ಸಿಕ್ಕಿಸಿ ಎಲ್ಲ ಗುಂಡಿಗಳನ್ನೂ ಪೂರ್ತಿ ತಿರುಗಿಸಿದೆ. ಹೊತ್ತಿಕೊಂಡಿತು! ಮೇಲಿನ ಕಡ್ಡಿ, ಕೆಳಗಿನ ಕಡ್ಡಿ, ಎರಡೂ!

ಗಿರಿಜೆ ಓಡಿ ಬಂದಳು. ಹಳೇಬೀಡಿನ ಕೆರೆಯ ಮೇಲೆ ಸಂಜೆ ಇಳಿಯುವಾಗ ನೀರು ಒಂಥರಾ ಕೆಂಪಾಗುತ್ತದಲ್ಲ, ಗಾಜಿನೊಳಗೆ ಅದೇ ಬಣ್ಣ ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ನಾವಿಬ್ಬರೂ ನೆಲದ ಮೇಲೆ ಪಕ್ಕಪಕ್ಕ ಕೂತು ಅದನ್ನೇ ನೋಡಿದೆವು. "ನೀವು ಮಾಡಿಬಿಟ್ರಲ್ರೀ" ಎಂದು ಅವಳು ನನ್ನ ಭುಜಕ್ಕೆ ತಲೆ ಆನಿಸಿದಳು. ಮದುವೆಯಾದ ಮೇಲೆ ಇಷ್ಟು ಸುಖವಾದ ಸಂಜೆ ನನಗೆ ನೆನಪಿಲ್ಲ.

ಅವಳು ಖುಷಿಯಾಗಿ ಹಿಟ್ಟು ಕಲಸಿದಳು, ತಟ್ಟೆ ಒಳಗಿಟ್ಟಳು, ವಿಭೂತಿಯ ಸಂದಿನಲ್ಲಿ ಕಂಡಷ್ಟು ಅಂಕಿ ನೋಡಿ ಗುಂಡಿಗಳನ್ನು ತಿರುಗಿಸಿ ಬಟ್ಟೆ ಇಸ್ತ್ರಿ ಮಾಡಲು ಹೋದಳು. ನಾನು ಕಾವಲಿಗೆ ಕೂತೆ. ಕೆಂಪು ಬೆಳಕು ನೋಡುತ್ತಾ ಮತ್ತೆ ಚಿಕಿತ್ಸಾಲಯದ ಕಡೆ ಹೋದೆ. ಅಲ್ಲೀಗ ಮಂಜು ಕವಿಯತೊಡಗಿತ್ತು. ಬೆಳ್ಳಗೆ, ದಟ್ಟವಾಗಿ, ಘಮಘಮ ಮಂಜು!

"ಗಿರಿಜಮ್ಮಾ, ಏನ್ ಕರೀತಿದೀರಾ? ಬೀದಿಗೆಲ್ಲಾ ವಾಸ್ನೆ ಬರ್ತಿದೆ!" ಎಂದು ಪಕ್ಕದ ಮನೆಯಿಂದ ಕೂಗು ಕೇಳಿತು.

ಕಣ್ಣು ಬಿಟ್ಟೆ. ಮಂಜು ನಮ್ಮ ಮನೆಯಲ್ಲೇ ಇತ್ತು. ಓವನ್ನಿನ ಎಲ್ಲ ಸಂದುಗಳಿಂದ ಕೊಬ್ಬರಿ ಎಣ್ಣೆಯ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಗಿರಿಜೆ ಧಾವಿಸಿ ಪ್ಲಗ್ಗು ಕಿತ್ತಳು. ಹೊಗೆ ಇಳಿದ ಮೇಲೆ ಬಾಗಿಲು ತೆಗೆದೆವು. ಒಳಗೆ ಕೇಕಿರಲಿಲ್ಲ. ಬೇಲೂರಿನ ಗುಡಿಗೆ ಒಂದು ಕಲ್ಲು ಕಡಿಮೆ ಬಿದ್ದಿದ್ದರೆ ಕೊಡಬಹುದಾಗಿತ್ತು. ಅಷ್ಟು ಕಪ್ಪು, ಅಷ್ಟು ಗಟ್ಟಿ.

ಗಿರಿಜೆ ಒದ್ದೆ ಬಟ್ಟೆ ತಂದು ಗುಂಡಿಗಳನ್ನು ಒರೆಸಿದಳು. ವಿಭೂತಿ ಹೋಯಿತು, ಕುಂಕುಮ ಹೋಯಿತು. ಕೆಳಗಿದ್ದ ಅಂಕಿ, ಗೆರೆ, ಚಿತ್ರಗಳು ಹೊರಬಂದವು. ಕಾವಿನ ಗುಂಡಿ ಗಂಟೆಯ ಜಾಗದಲ್ಲಿತ್ತು. ಗಂಟೆಯ ಗುಂಡಿ ಕಾವಿನ ಜಾಗದಲ್ಲಿತ್ತು. ಒಂದೇ ಥರ ವಿಭೂತಿ ಧರಿಸಿ ಕೂತಿದ್ದವುಗಳಲ್ಲಿ ಯಾವುದು ಯಾವುದೆಂದು ನನಗೇನು ಗೊತ್ತು!

"ಆಯುಧಪೂಜೆ ದಿನ ಇವಕ್ಕೆ ವಿಭೂತಿ, ಕುಂಕುಮ ಬಳಿದೋರು ಯಾರು?"

"ನಾನೇ. ದೊಡ್ಡ ತಕ್ಕಡಿಗೆ ಬಳಿದ ಹಾಗೇ ಭಕ್ತಿಯಿಂದ ಬಳಿದೆ."

"ಬಳಿಯುವಾಗ ತಿರುಗಿಸಿದ್ರಾ?"

"ಸ್ವಲ್ಪ ತಿರುಗಿರಬಹುದು."

ಅವಳು ಉಳಿದ ಗುಂಡಿಯನ್ನು ನನ್ನ ಮುಖದ ಮುಂದೆ ಹಿಡಿದಳು. ಅದರಲ್ಲಿ ಪುಟ್ಟ ಚಿತ್ರಗಳಿದ್ದವು. ಮೇಲಿನ ಕಡ್ಡಿ ಮಾತ್ರ, ಕೆಳಗಿನ ಕಡ್ಡಿ ಮಾತ್ರ, ಎರಡೂ. "ಪೂಜೆ ಆದ್ಮೇಲೆ ನಾನು ಓವನ್ ಹಚ್ಚಿದ್ದು ಇವತ್ತೇ. ಇದು ಮೇಲಿನ ಕಡ್ಡಿಗೆ ತಿರುಗಿತ್ತು. ಕುಂಕುಮದ ಅಡಿಯಲ್ಲಿ ಕಾಣಿಸ್ಲಿಲ್ಲ. ಓವನ್ ಕೆಟ್ಟೇ ಇರ್ಲಿಲ್ಲ ಕಣ್ರೀ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಕಣ್ಣು ತುಂಬಿಕೊಂಡು, "ನಾಳೆ ಬರಿಗೈಲಿ ಹೋದ್ರೆ, ಗಿರಿಜಾ ಇನ್ನೂ ಹಂಗೇ ಇದಾಳೆ ಅಂತಾರೆ" ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಇಡೀ ದಿನ ನಾನು ಕಂಡ ಕನಸಿನಲ್ಲಿ ಎಲ್ಲ ಊರಿನ ಹೆಂಗಸರೂ ಇದ್ದರು, ಇವಳೊಬ್ಬಳು ಇರಲಿಲ್ಲ.

"ಬೇಕರಿಯಿಂದ ತಂದುಬಿಡ್ತೀನಿ" ಎಂದು ಚಪ್ಪಲಿ ಮೆಟ್ಟಿದೆ.

"ಬೇಡಿ. ಮನೇಲಿ ಮಾಡ್ತೀನಿ ಅಂತ ಮಾತು ಕೊಟ್ಟಿದೀನಿ." ಮೂಗು ಒರೆಸಿಕೊಂಡು ಎದ್ದಳು. ಅಟ್ಟದಿಂದ ಅವಳ ತವರಿನ ದಪ್ಪ ತಳದ ಪಾತ್ರೆ ಇಳಿಸಿ, ತಳಕ್ಕೆ ಮರಳು ಹರವಿ, ಗ್ಯಾಸಿನ ಮೇಲಿಟ್ಟು ಮತ್ತೆ ಹಿಟ್ಟು ಕಲಸತೊಡಗಿದಳು.

"ನಾನೇನಾದ್ರೂ ಸಹಾಯ ಮಾಡ್ಲಾ?"

"ಮಾಡಿ. ತಿಮ್ಮೇಗೌಡ್ರನ್ನ ಕರ್ಕೊಂಡು ಒಂದು ಸುತ್ತು ತಿರುಗಾಡ್ಕೊಂಡು ಬನ್ನಿ."

ಮಾರನೆಯ ದಿನ ಬೇಲೂರಿನ ಬಸ್ಸಿನಲ್ಲಿ ಕೇಕಿನ ಡಬ್ಬಿ ನನ್ನ ತೊಡೆಯ ಮೇಲಿತ್ತು. ಸ್ವಲ್ಪ ಒಂದು ಕಡೆ ವಾಲಿದ್ದರೂ ಹೊಂಬಣ್ಣದ, ಮೆತ್ತನೆಯ ಕೇಕು. ಹೊಲಗಳ ಮೇಲೆ ಇಬ್ಬನಿ ಇತ್ತು, ಕಿಟಕಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಜಾವಗಲ್ ದಾಟುವಷ್ಟರಲ್ಲಿ ಗಿರಿಜೆ ನನ್ನ ಕಣ್ಣು ಎಳೆಯುತ್ತಿರುವುದನ್ನು ನೋಡಿ ಡಬ್ಬಿಯನ್ನು ಕಿತ್ತುಕೊಂಡಳು.

ಶಾಲೆಯ ಸಭಾಂಗಣದಲ್ಲಿ ಸರೋಜಮ್ಮ ಟೀಚರ್ ಕೇಕ್ ಕತ್ತರಿಸಿ ಒಂದು ತುಂಡು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಗಿರಿಜೆ ಸೆರಗು ಹಿಂಡುತ್ತಾ ನಿಂತಿದ್ದಳು.

"ಇದನ್ನ ಮಾಡಿದ್ದು ಯಾರು?"

"ನಾನು ಟೀಚರ್. ಗಿರಿಜಾ. ಹಿಂದಿನ ಬೆಂಚು."

"ಭೇಷ್ ಗಿರಿಜಾ! ಎಷ್ಟು ಚೆನ್ನಾಗಿದೆ!" ಎಂದು ಅವರು ಇನ್ನೊಂದು ತುಂಡು ತೆಗೆದುಕೊಂಡರು. ನನ್ನ ಹೆಂಡತಿ ಅಲ್ಲೇ ಅತ್ತುಬಿಟ್ಟಳು. ಮೂರನೆಯ ಸಾಲಿನಲ್ಲಿ ಕೂತಿದ್ದ ನಾನು, ಅವಳು ನನ್ನ ಹೆಂಡತಿ ಎಂದು ಪಕ್ಕದವರಿಗೆ ಹೇಳಿಕೊಂಡೆ.

"ನಮ್ಮನೇದ್ರಲ್ಲಿ ಇಷ್ಟು ಮೆತ್ತಗೆ ಬರೋದೇ ಇಲ್ಲ. ನಿಂದು ಯಾವ ಓವನ್ನಮ್ಮಾ?" ಎಂದು ಕೇಳಿದರು ಟೀಚರ್.

ಗಿರಿಜೆ ಕಣ್ಣೊರೆಸಿಕೊಂಡು ನನ್ನ ಕಡೆ ಕೈ ತೋರಿಸಿದಳು. "ಅಲ್ಲಿ ಕೂತಿದಾರಲ್ಲ, ನಮ್ಮನೆಯವರು. ನಿನ್ನೆ ಅವರೇ ಕೈಯಾರೆ ಓವನ್ ರಿಪೇರಿ ಮಾಡಿದ್ರು ಟೀಚರ್."

ಸಭೆಯೆಲ್ಲ ಮೆಚ್ಚುಗೆಯಿಂದ ನನ್ನತ್ತ ತಿರುಗಿತು. ನಾನು ವಿನಯದಿಂದ ಎದ್ದು ನಿಂತೆ.

"ಅದಕ್ಕೇ ಪಾತ್ರೇಲಿ ಮಾಡ್ದೆ" ಎಂದಳು ಗಿರಿಜೆ.

ಟೀಚರ್ ನಕ್ಕ ನಗುವಿಗೆ ಅವರ ಕೈಯಲ್ಲಿದ್ದ ಕೇಕು ಉದುರಿತು. ಇಡೀ ಸಭೆ ಚಪ್ಪಾಳೆ ಹೊಡೆಯಿತು. ಎದ್ದು ನಿಂತವನು ಏನಾದರೂ ಮಾಡಬೇಕಲ್ಲ? ಎಲ್ಲರಿಗೂ ಕೈ ಮುಗಿದು, ಕೂತುಕೊಂಡೆ.