ಮುದ್ರೆ ಇಲ್ಲದ ತೂಕ

ಹಿರಿಯರು: ಆರು ತಿಂಗಳು ಅಂದ್ರೆ ಆರು ತಿಂಗಳು! ಅವನು ಒಂದು ಮನೆ, ಅವಳು ಒಂದು ಮನೆ. ಆಮೇಲೆ ಎಲ್ಲರೆದುರಿಗೆ ತಪ್ಪೊಪ್ಪಿಗೆ. ಅದೆಲ್ಲ ಆದ ಮೇಲೆ ಮದುವೆ ಮಾತು.

ಪಾಸ್ಟರ್: ಅವರು ಭಾನುವಾರವೇ ಮದುವೆ ಆಗ್ತೀವಿ ಅಂತ ಬಂದಿದ್ದಾರೆ ಹಿರಿಯರೇ. ಮದುವೆ ಆಗದೆ ಜೊತೆಗಿದ್ದಾರೆ ಅನ್ನೋದೇ ತಕರಾರಾದ್ರೆ, ಮದುವೆ ಮಾಡಿಬಿಟ್ರೆ ತಕರಾರು ಮುಗೀತಲ್ಲ?

ಹಿರಿಯರು: ಅದೆಂಥ ನ್ಯಾಯ? ಪ್ರಾರ್ಥನೆ ಮಾಡೋದು ಊಟಕ್ಕೆ ಮುಂಚೆ. ಉಂಡು ಕೈ ತೊಳೆದ ಮೇಲಲ್ಲ.

ಹೆಂಡತಿ: ನೀವೇ ಎಷ್ಟು ಸಲ ಅರ್ಧ ತಟ್ಟೆ ಖಾಲಿ ಆದ ಮೇಲೆ ನೆನಪಾಗಿ ಕಣ್ಣು ಮುಚ್ಚಿಲ್ಲ?

ಹಿರಿಯರು: ನೀನು ಬಟ್ಟೆ ಮಡಚು. ಇದು ಸಮಿತಿ ವಿಷಯ.

ಹಿರಿಯರು ಅಳತೆ ಮತ್ತು ತೂಕ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅಂಗಡಿಗಳ ತಕ್ಕಡಿ ಕೈತಪ್ಪಿದ ಮೇಲೆ ಚರ್ಚಿನ ಶಿಸ್ತು ಸಮಿತಿಗೆ ಅಧ್ಯಕ್ಷರಾಗಿ ಮನುಷ್ಯರನ್ನೇ ತೂಗತೊಡಗಿದ್ದರು. ಸದ್ಯ ತಟ್ಟೆಯಲ್ಲಿ ಕೂತಿದ್ದವರು ಚರ್ಚಿನಲ್ಲಿ ಆರ್ಗನ್ ನುಡಿಸುವ ಹುಡುಗಿ ಮತ್ತು ಒಬ್ಬ ಬಸ್ ಡ್ರೈವರ್. ಇಬ್ಬರೂ ವರ್ಷದಿಂದ ಒಂದೇ ಬಾಡಿಗೆ ಕೋಣೆಯಲ್ಲಿ ಇದ್ದರು. ಅವರ ಪರ ವಾದಿಸಲು ಬಂದಿದ್ದ ಪಾಸ್ಟರಿಗೆ ಇನ್ನೂ ಗಡ್ಡ ಒತ್ತಾಗಿ ಬಂದಿರಲಿಲ್ಲ. ಹಿರಿಯರ ಮನೆಯ ಹಜಾರದಲ್ಲಿ ಕೂತು ಅವರು ಬೆಳಗಿನಿಂದ ಶ್ರದ್ಧೆಯಿಂದ ಸೋಲುತ್ತಿದ್ದರು.

ಪಾಸ್ಟರ್: ಹೊರಗಿನವರು ಏನಂತಾರೆ ಗೊತ್ತಾ? ಚರ್ಚಿನವರದು ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತಾರೆ.

ಹಿರಿಯರು: ಯಾರು ಹಾಕಿದ್ದಾರಂತೆ ಗಾಳ? ನನ್ನ ಮನೇಲಿ ಬಂದು ತೋರಿಸಲಿ! ನನ್ನ ಸಂಸಾರದಲ್ಲಿ ಒಂದು ಗುಲಗಂಜಿಯಷ್ಟು ವ್ಯತ್ಯಾಸ ಇದ್ರೆ ಈ ಮೀಸೆ ಬೋಳಿಸ್ತೀನಿ.

ಹೆಂಡತಿ: ಮೀಸೆ ಹಾಗೇ ಇರ್ಲಿ. ಅದಿಲ್ದೆ ಇದ್ರೆ ಗುರುತು ಸಿಗಲ್ಲ.

ಪಾಸ್ಟರ್: ಒಂದು ಸಂಗತಿ ಹೇಳ್ತೀನಿ, ಕೇಳಿ. ಈ ವಿಷಯದಲ್ಲಿ ಸಲಹೆ ಕೇಳೋಣ ಅಂತ ನಿನ್ನೆ ನಮ್ಮ ಹಳೇ ಪಾಸ್ಟರಿಗೆ ಫೋನ್ ಮಾಡಿದ್ದೆ. ಅವರು ದೀಕ್ಷೆ ಪಡೆಯೋಕೆ ಮುಂಚೆ, ಇನ್ನೂ ಕಲಿಯೋ ಹುಡುಗ ಆಗಿದ್ದಾಗ, ಇದೇ ಚರ್ಚಿನಲ್ಲಿ ಒಂದು ಮದುವೆ ಮಾಡಿಸಿಬಿಟ್ಟಿದ್ರಂತೆ.

ಹಿರಿಯರು: ದೀಕ್ಷೆ ಇಲ್ಲದೆ? ಅದು ಹೇಗೆ ಸಾಧ್ಯ?

ಪಾಸ್ಟರ್: ಆಗಿದ್ದ ದೊಡ್ಡ ಪಾಸ್ಟರಿಗೆ ಇದ್ದಕ್ಕಿದ್ದಂತೆ ಚಳಿಜ್ವರ ಬಂತಂತೆ. ಮದುಮಗಳು ಬಂದು ನಿಂತಿದ್ದಾಳೆ, ನೆಂಟರು ಕೂತಿದ್ದಾರೆ. ಇವರಿಗೆ ದಿಕ್ಕು ತೋಚಲಿಲ್ಲ. ದೊಡ್ಡವರ ನಿಲುವಂಗಿ ತೊಟ್ಕೊಂಡು ಹೋಗಿ ಮದುವೆ ಮಾಡಿಸಿದ್ರು. ಯಾರಿಗೂ ಗೊತ್ತಾಗಲಿಲ್ಲ. ಆ ಗಂಡ ಹೆಂಡತಿ ಇವತ್ತಿಗೂ ಚೆನ್ನಾಗಿದ್ದಾರಂತೆ. ಮೊಮ್ಮಕ್ಕಳಾಗಿದ್ದಾರೆ.

ಹಿರಿಯರು: ಗಂಡ ಹೆಂಡತಿ ಅನ್ಬೇಡಿ. ಅದು ಮದುವೆಯೇ ಅಲ್ಲ. ಮುದ್ರೆ ಇಲ್ಲದ ತೂಕ!

ಪಾಸ್ಟರ್: ತೂಕ ಸರಿಯಾಗಿದ್ರೆ?

ಹಿರಿಯರು: ಸರಿಯಾಗಿದ್ರೂ ಅಷ್ಟೇ. ಇಲಾಖೆ ಮುದ್ರೆ ಇಲ್ವಾ, ಮುಟ್ಟುಗೋಲು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದ ತೂಕದ ಕಲ್ಲನ್ನೂ ನಾನು ಎತ್ಕೊಂಡು ಬಂದಿದ್ದೀನಿ. ಅಂಗಡಿಯವನು ಅತ್ತ. ಬಿಡಲಿಲ್ಲ.

ಪಾಸ್ಟರ್: ಮಕ್ಕಳು ಮೊಮ್ಮಕ್ಕಳು ಆದ ಮೇಲೂ...

ಹಿರಿಯರು: ಮೊಮ್ಮಕ್ಕಳಾದ ಮಾತ್ರಕ್ಕೆ ವ್ಯಭಿಚಾರ ಸಂಸಾರ ಆಗಿಬಿಡುತ್ತಾ? ಇನ್ನೂ ನಮ್ಮ ಸಭೆಯಲ್ಲೇ ಇದ್ದಾರಾ ಅವರು?

ಪಾಸ್ಟರ್: ಇದ್ದಾರಂತೆ. ಯಾರು ಅಂತ ಹೇಳಲಿಲ್ಲ.

ಹಿರಿಯರು: ಹುಡುಕಿ! ಹಿಂದಿನ ಬೆಂಚಿಗೆ ಕೂರಿಸಿ. ನಾಚಿಕೆ ಇಲ್ಲದೆ ಇಷ್ಟು ವರ್ಷ ಮುಂದಿನ ಬೆಂಚಲ್ಲೇ ಕೂತಿರ್ತಾರೆ, ಬೇಕಾದ್ರೆ ನೋಡ್ತಿರಿ.

ಹೆಂಡತಿ ಮಡಚುತ್ತಿದ್ದ ಅಂಗಿಯನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡರು.

ಹೆಂಡತಿ: ಪಾಸ್ಟರೇ, ಈಕೆಯನ್ನು ಹೆಂಡತಿಯಾಗಿ ಸ್ವೀಕರಿಸ್ತೀಯಾ ಅಂತ ಕೇಳಿದಾಗ ಆ ಮದುಮಗ ‘ಆಗಲಿ ಸಾರ್’ ಅಂದಿದ್ನಂತಾ?

ಪಾಸ್ಟರ್: (ನಗುತ್ತಾ) ಹೌದಮ್ಮ! ಅದನ್ನೇ ಹೇಳ್ಕೊಂಡು ನಗ್ತಾ ಇದ್ರು. ಆಗ ತಾನೇ ಸರ್ಕಾರಿ ಕೆಲಸಕ್ಕೆ ಸೇರಿದ್ದ ಹುಡುಗನಂತೆ, ಭಯಕ್ಕೆ... ಅಲ್ಲ, ನಿಮಗೆ ಹೇಗೆ ಗೊತ್ತು?

ಹೆಂಡತಿ ಹಿರಿಯರ ಕಡೆ ನೋಡಿದರು. ಪಾಸ್ಟರ್ ನಗು ಅರ್ಧಕ್ಕೇ ನಿಂತಿತು. ಇನ್ನು ಮುಂದೆ ಈಕೆಯನ್ನು ಹೆಂಡತಿ ಎಂದು ಬರೆಯಬಹುದೋ ಬಾರದೋ ತಿಳಿಯದ ಕಾರಣ, ತೀರ್ಮಾನ ಆಗುವವರೆಗೆ ‘ಆಕೆ’ ಎಂದಿರಲಿ.

ಹಿರಿಯರು: ‘ಆಗಲಿ ಸಾರ್’ ಅಂದವರು ಊರಲ್ಲಿ ಬೇಕಾದಷ್ಟು ಜನ ಇರ್ತಾರೆ.

ಆಕೆ: ಇರ್ತಾರೆ. ಆದ್ರೆ ನಿಲುವಂಗಿ ನೆಲ ಗುಡಿಸ್ತಾ ಇತ್ತು, ಅದನ್ನ ನೀವು ತುಳಿದು ಅವರು ಮುಗ್ಗರಿಸಿದ್ರು. ಅದೂ ಮರೆತುಹೋಯ್ತಾ?

ಹಿರಿಯರು: ಆಗ ನಾನು ಬೇರೆ ಊರಿನವನು ಕಣೇ! ನಿಲುವಂಗಿ ನೋಡ್ದೆ, ಪಾಸ್ಟರ್ ಅಂದ್ಕೊಂಡೆ.

ಆಕೆ: ಕಂಡ ಕಂಡ ಕಲ್ಲಿಗೆಲ್ಲ ಮುದ್ರೆ ಹುಡುಕಿದೋರು ಆವತ್ತೊಂದು ದಿನ ಹುಡುಕಲಿಲ್ಲ.

ಹಿರಿಯರು: ನಿನಗೆ ಗೊತ್ತಿತ್ತಾ?

ಆಕೆ: ದೊಡ್ಡ ಮಗಳು ಹುಟ್ಟಿದಾಗ ಅವರೇ ಬಂದು ಕಣ್ಣೀರು ಹಾಕ್ಕೊಂಡು ಹೇಳಿದ್ರು. ಇನ್ನೊಂದು ಸಲ ಗುಟ್ಟಾಗಿ ಮಾಡಿಸಿಬಿಡ್ತೀನಿ ಅಂದ್ರು. ನಾನೇ ಬೇಡ ಅಂದೆ.

ಹಿರಿಯರು: ಯಾಕೆ ಬೇಡ ಅಂದೆ?

ಆಕೆ: ನಾನು ಮಾತು ಕೊಟ್ಟಿದ್ದು ದೇವರಿಗೆ, ನಿಲುವಂಗಿಗಲ್ಲ. ಅವನಿಗೆ ಒಂದೇ ಸಲಕ್ಕೆ ಕೇಳಿಸುತ್ತೆ. ಎರಡೆರಡು ಸಲ ಹೇಳ್ಬೇಕಾಗಿರೋದು ನಿಮಗೆ.

ಹಿರಿಯರು ಎದ್ದು ನಿಂತರು, ಮತ್ತೆ ಕೂತರು. ಎಷ್ಟೋ ಅಂಗಡಿಯವರನ್ನು ನಡುಗಿಸಿದ ಮನುಷ್ಯನಿಗೆ ಈಗ ನಿಜವಾಗಿಯೂ ಭಯವಾಗಿತ್ತು.

ಹಿರಿಯರು: ಹಾಗಾದ್ರೆ... ನೀನು ನನ್ನ ಹೆಂಡತಿ ಅಲ್ವಾ?

ಪಾಸ್ಟರ್: ದೇವರ ದೃಷ್ಟಿಯಲ್ಲಿ ಖಂಡಿತ ಹೌದು.

ಹಿರಿಯರು: ಸಮಿತಿ ದೃಷ್ಟಿಯಲ್ಲಿ?

ಪಾಸ್ಟರ್: ಅದನ್ನ ಅಧ್ಯಕ್ಷರು ಹೇಳ್ಬೇಕು.

ಹಿರಿಯರು: ಅಧ್ಯಕ್ಷರು ಈಗ ತಾನೇ ಹೇಳಿಬಿಟ್ರಲ್ರೀ! ನೋಡಿ, ನಮ್ಮ ವಿಷಯ ಬೇರೆ. ನಮಗೆ ಗೊತ್ತಿರಲಿಲ್ಲ.

ಆಕೆ: ನನಗೆ ಗೊತ್ತಿತ್ತು. ಹಿಂದಿನ ಬೆಂಚಿಗೆ ನಾನೊಬ್ಬಳೇ ಹೋಗ್ತೀನಿ ಬಿಡಿ. ಅಲ್ಲಿ ಫ್ಯಾನೂ ಇದೆ.

ಹಿರಿಯರು: ನೀನು ಹೋದ್ರೆ ನಾನೂ ಬಂದು ಪಕ್ಕದಲ್ಲಿ ಕೂರ್ತೀನಿ.

ಪಾಸ್ಟರ್: ಪಕ್ಕದಲ್ಲಿ ಹೇಗಾಗುತ್ತೆ? ಆರು ತಿಂಗಳು ಅವನು ಒಂದು ಮನೆ, ಅವಳು ಒಂದು ಮನೆ.

ಹಿರಿಯರು: ಆರು ತಿಂಗಳು ನಾನೆಲ್ಲಿಗೆ ಹೋಗ್ಲಿ ಪಾಸ್ಟರೇ? ನನ್ನ ಬನಿಯನ್ ಎಲ್ಲಿದೆ ಅನ್ನೋದೂ ನನಗೆ ಗೊತ್ತಿಲ್ಲ. ರಾತ್ರಿ ಇವಳು ಪಕ್ಕದಲ್ಲಿ ಕೆಮ್ಮಿದ್ರೆ ನನಗೆ ಎಚ್ಚರ ಆಗುತ್ತೆ. ಕೆಮ್ಮದೆ ಇದ್ರೆ ನಿದ್ದೆಯೇ ಬರಲ್ಲ.

ಪಾಸ್ಟರ್: ಆ ಡ್ರೈವರ್ ಹುಡುಗನೂ ಹೆಚ್ಚು ಕಡಿಮೆ ಅದನ್ನೇ ಹೇಳಿದ. ನೀವು ಅದಕ್ಕೆ ‘ನೆಪ’ ಅಂದ್ರಿ.

ಹಿರಿಯರು ಕುರ್ಚಿಯನ್ನು ಪಾಸ್ಟರ್ ಹತ್ತಿರಕ್ಕೆ ಎಳೆದುಕೊಂಡರು.

ಹಿರಿಯರು: ಅವನಿಗೂ ಎದೆ ಹೀಗೇ ಡವಡವ ಅಂದಿರುತ್ತಾ?

ಪಾಸ್ಟರ್: ನಾವು ಕೇಳಲಿಲ್ಲ.

ಹಿರಿಯರು: ಭಾನುವಾರ ಅವರ ಮದುವೆ ಮಾಡಿಸಿ. ಆರು ತಿಂಗಳೂ ಬೇಡ, ಹಿಂದಿನ ಬೆಂಚೂ ಬೇಡ. ಇನ್ನು ಮುಂದೆ ಯಾರಿಗೂ ಬೇಡ.

ಪಾಸ್ಟರ್: ತಪ್ಪೊಪ್ಪಿಗೆ?

ಹಿರಿಯರು: ನಾನು ಮಾಡ್ತೀನಿ. ಆ ಇಬ್ಬರು ಮಕ್ಕಳ ಮುಂದೆ. ಅವರದ್ದು ಮುಗಿದ ಕೂಡಲೇ ನಮ್ಮದನ್ನೂ ಮಾಡಿಸಿಬಿಡಿ.

ಆಕೆ: ನಮ್ಮದು ಅಂದ್ರೆ? ಹುಡುಗೀನ ಒಂದು ಮಾತು ಕೇಳೋದು ಬೇಡ್ವಾ?

ಹಿರಿಯರು ಎದ್ದರು. ಅಂಗಿಯ ಗುಂಡಿ ಹಾಕಿಕೊಂಡರು, ಮೀಸೆ ನೀವಿಕೊಂಡರು.

ಹಿರಿಯರು: ನನ್ನನ್ನ ಮದುವೆ ಆಗ್ತೀಯಾ?

ಆಕೆ: ಮನೇಲಿ ದೊಡ್ಡವರನ್ನ ಕೇಳಿ ಹೇಳ್ತೀನಿ.

ಹಿರಿಯರು: ನಿಮ್ಮ ಮನೇಲಿ ಈಗ ದೊಡ್ಡವರು ಅಂತ ಯಾರಿದ್ದಾರೆ?

ಆಕೆ: ನಾನೇ.

ಹಿರಿಯರು: ಮತ್ತೆ, ಏನಂತಾರೆ ಅವರು?

ಆಕೆ: ಗಂಡಿಗೆ ವಯಸ್ಸು ಸ್ವಲ್ಪ ಜಾಸ್ತಿ ಅಂತಾರೆ. ಆದ್ರೂ ಒಪ್ಪಿಗೆ.

ಪಾಸ್ಟರ್ ಇಬ್ಬರಿಗೂ ಕೈ ಮುಗಿದು, ಆರ್ಗನ್ ಹುಡುಗಿಗೆ ಸುದ್ದಿ ಮುಟ್ಟಿಸಲು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದರು. ಹಿರಿಯರಿಗೆ ದೊಡ್ಡ ಭಾರ ಇಳಿದಂತಾಗಿ ನಿದ್ದೆ ಎಳೆಯಿತು. ಮಲಗುವ ಕೋಣೆಯ ಕಡೆ ನಡೆದರು. ಬಾಗಿಲಿಗೆ ಅಡ್ಡವಾಗಿ ಆಕೆ ನಿಂತಿದ್ದರು, ಕೈಯಲ್ಲಿ ಒಂದು ದಿಂಬು.

ಆಕೆ: ಎಲ್ಲಿಗೆ?

ಹಿರಿಯರು: ಸ್ವಲ್ಪ ಒರಗ್ತೀನಿ. ಬೆಳಗಿನಿಂದ ಮಾತಾಡಿ ಮಾತಾಡಿ ಸಾಕಾಗಿದೆ.

ಆಕೆ: ಸೋಫಾ ಅಲ್ಲಿದೆ. ಭಾನುವಾರದವರೆಗೂ ಅಲ್ಲೇ.

ಹಿರಿಯರು: ನಿಯಮ ಎಲ್ಲ ತೆಗೆದುಹಾಕಿದ್ನಲ್ಲೇ!

ಆಕೆ: ನೀವು ತೆಗೆದಿದ್ದು ಸಮಿತಿ ನಿಯಮ. ನಾನು ಮರ್ಯಾದಸ್ಥರ ಮನೆ ಹೆಣ್ಣುಮಗಳು. ಮದುವೆ ಗೊತ್ತಾಗಿರೋ ಗಂಡನ್ನ ಹೊಸಿಲೊಳಗೆ ಬಿಟ್ಕೊಂಡಿರೋದೇ ಹೆಚ್ಚು.