ಹೆಸರು ಕೇಳುವ ಮಿಶೀನು, ಹೆಸರು ಹೇಳದ ದೊಡ್ಡಮ್ಮ

ನೂರಾರು ಸಲ ನಂಜನಗೂಡಿಗೆ ಹೋಗಿಬಂದು ಒಂದು ಸಲವೂ ಆ ಊರಿನ ಹೆಸರನ್ನು ಬಾಯಲ್ಲಿ ಹೇಳದವರು ಈ ಭೂಮಿಯ ಮೇಲೆ ಇದ್ದಾರೆಯೇ? ಇದ್ದಾರೆ ಸ್ವಾಮಿ, ಟಿ. ನರಸೀಪುರದಲ್ಲಿದ್ದಾರೆ. ನಮ್ಮ ದೊಡ್ಡಮ್ಮ!

ಬಸ್ಸಿನಲ್ಲಿ ಹೆಂಗಸರಿಗೆ ಈಗ ದುಡ್ಡಿಲ್ಲ, ನಿಜ. ಆದರೆ ಸೊನ್ನೆ ರೂಪಾಯಿ ಟಿಕೆಟ್ಟಿಗೂ ಊರು ಹೇಳಬೇಕಲ್ಲ!

"ಎಲ್ಲಿಗಮ್ಮಾ?" ಅಂತಾನೆ ಕಂಡಕ್ಟರು.

"ಬಿಳಿಗೆರೆ ದಾಟಿದ ಮ್ಯಾಲೆ ಬತ್ತದಲ್ಲಪ್ಪ, ಹೊಳೆ ದಂಡೇಲಿ, ದೊಡ್ಡ ದೇವಸ್ಥಾನ..."

"ಹೊಳೆ, ದೇವಸ್ಥಾನ ಎಲ್ಲಾ ಕಡೆನೂ ಅವೆ ಕಣಮ್ಮ. ಊರಿನ ಎಸ್ರು ಏಳಿ."

"ರಸಬಾಳೆ ಅಣ್ಣು ಬೆಳೀತಾರಲ್ಲಪ್ಪ, ಅದು."

ಅಷ್ಟು ಹೊತ್ತಿಗೆ ಹಿಂದಿನ ಸೀಟಿನಿಂದ ಯಾರಾದರೂ ಉತ್ತರ ಹೇಳಿರುತ್ತಾರೆ. ದೊಡ್ಡಮ್ಮ ಅತ್ತ ತಿರುಗಿ, "ನಿನ್ನ ಒಟ್ಟೆ ತಣ್ಣಗಿರಲಪ್ಪ" ಎಂದು ಹರಸಿ ಟಿಕೆಟ್ ಇಸಿದುಕೊಳ್ಳುತ್ತಾರೆ.

ಕಾರಣ ಇಷ್ಟೇ. ನಮ್ಮ ದೊಡ್ಡಪ್ಪನ ಹೆಸರು ನಂಜುಂಡಪ್ಪ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಹೇಳಿದಷ್ಟೂ ಅವನ ಆಯಸ್ಸು ಸವೆಯುತ್ತದೆ ಎಂದು ದೊಡ್ಡಮ್ಮನಿಗೆ ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಹಳೆಯ ಕಾಲದ ಎಲ್ಲ ತಾಯಂದಿರೂ ಹೇಳಿಕೊಟ್ಟದ್ದೇ. ಆದರೆ ದೊಡ್ಡಮ್ಮನದು ಅತಿ! ಪೂರ್ತಿ ಹೆಸರು ಹಾಳಾಗಲಿ, ಅದರ ವಾಸನೆ ಇರುವ ಮಾತೂ ಬಾಯಿಗೆ ಬರಕೂಡದು. ಒಮ್ಮೆ ಕಾಲಿಗೆ ಮುಳ್ಳು ಚುಚ್ಚಿ ಕೀವು ತುಂಬಿಕೊಂಡಿತು. ಡಾಕ್ಟರ ಮುಂದೆ "ನಂಜಾಗಿದೆ" ಎನ್ನುವುದು ಹೇಗೆ? "ನಮ್ಮನೆಯವ್ರ ಎಸ್ರಿನ ಮೊದ್ಲೆರಡು ಅಕ್ಷರ ಆಗದೆ ಸಾ, ಕಾಲಿಗೆ" ಎಂದರು! ಪಾಪ, ಆ ಡಾಕ್ಟರು ಯಜಮಾನರ ಹೆಸರೇನೆಂದು ಹೊರಗೆ ಬಂದು ವಿಚಾರಿಸಿದ ಮೇಲೆಯೇ ಮಾತ್ರೆ ಬರೆದದ್ದು.

ನಗಬೇಡಿ. ನಾನೂ ನಗುತ್ತಿದ್ದೆ. ಆಮೇಲೆ ನಮ್ಮಮ್ಮ ಒಂದು ಸಂಗತಿ ಹೇಳಿದಳು. ದೊಡ್ಡಮ್ಮ ಚಿಕ್ಕ ಹುಡುಗಿಯಾಗಿದ್ದಾಗ ಹೆಮ್ಮರಗಾಲದಲ್ಲಿ ಅವರ ಅಕ್ಕನ ಮದುವೆಯಾಯಿತಂತೆ. ಹೆಸರು ಹೇಳಿಸುವ ಶಾಸ್ತ್ರದಲ್ಲಿ ಹೆಂಗಸರೆಲ್ಲ ಸೇರಿ ಮದುಮಗಳನ್ನು ಬಾಗಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರು ಹೇಳುವವರೆಗೂ ಬಿಡಲಿಲ್ಲ. ಆಕೆ ನಾಚಿಕೊಂಡು ಹೇಳಿದಳು. ವರ್ಷ ತುಂಬುವ ಮೊದಲೇ ಆ ಗಂಡ ಜ್ವರ ಬಂದು ತೀರಿಕೊಂಡ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ವಾದ ಮಾಡಬಲ್ಲೆ. ಬಾಗಿಲ ಸಂದಿಯಲ್ಲಿ ನಿಂತು ಅಕ್ಕ ಹೆಸರು ಹೇಳಿದ್ದನ್ನೂ ನೋಡಿ, ಅದೇ ಬಾಗಿಲಲ್ಲಿ ಅವಳ ಬಳೆ ಒಡೆದದ್ದನ್ನೂ ನೋಡಿದ ಹುಡುಗಿಗೆ ವಾದ ಹೇಳಿ ಏನು ಪ್ರಯೋಜನ!

ಇಂಥವರ ಮನೆಗೆ ನನ್ನಂಥವನು ಮೈದುನನ ಮಗನಾಗಿ ಹುಟ್ಟಬೇಕೇ? ನಾನು ನಂಜನಗೂಡಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಗುಂಡಿ ಒತ್ತುವ ಫೋನು ಹೋಗಿ ಬೆರಳು ಸವರುವ ಫೋನು ಬಂತು. ಅದೂ ಹಳತಾಗಿ ಈಗ ಮುಖ ತೋರಿಸಿದರೆ ತೆರೆಯುತ್ತದೆ, ಬಾಯಲ್ಲಿ ಹೇಳಿದರೆ ಕೆಲಸ ಮಾಡುತ್ತದೆ. ಹೊಸದು ಏನು ಬಂದರೂ ಮೊದಲು ದೊಡ್ಡಪ್ಪನ ಮನೆಗೆ ಒಯ್ಯುವುದು ನನ್ನ ಚಟ. ದೊಡ್ಡಪ್ಪನಿಗೆ ಬೀಜ ಗೊಬ್ಬರದ ಅಂಗಡಿ, ಎಲ್ಲದರಲ್ಲೂ ಆಸೆ. ದೊಡ್ಡಮ್ಮನಿಗೆ ಎಲ್ಲದರಲ್ಲೂ ಭಯ.

ಮೊದಲು ಮುಖ ನೋಡಿ ತೆರೆಯುವ ಫೋನು ಕೊಟ್ಟೆ.

"ಮುಖ ಒಳಕ್ಕೆ ಎಳ್ಕಂಡು ವಾಪಸ್ ಕೊಡ್ದೆ ಓದ್ರೆ ಏನ್ಲಾ ಮಾಡ್ಲಿ?"

"ಏನೂ ಆಗಲ್ಲ ದೊಡ್ಡಮ್ಮ, ನೆಟ್ಟಗೆ ನೋಡು."

ನೆಟ್ಟಗೆ ನೋಡುವುದೆಲ್ಲಿ ಬಂತು! ಫೋನು ಎತ್ತಿದ ಕೂಡಲೇ ಹೆದರಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಬಿಡುತ್ತಿದ್ದರು. ಇವರು ಕಣ್ಣು ಬಿಡದೆ ಅದು ತೆರೆಯುವುದಿಲ್ಲ, ಅದು ತೆರೆಯದೆ ಇವರು ಕಣ್ಣು ಬಿಡುವುದಿಲ್ಲ. ಕೊನೆಗೆ ಆ ಫೋನಿಗೇ ದೃಷ್ಟಿಯಾಗಬಾರದೆಂದು ಕ್ಯಾಮೆರಾದ ಮೇಲೆ ಕಾಡಿಗೆ ಬೊಟ್ಟು ಇಟ್ಟರು. ಅಲ್ಲಿಗೆ ಮುಗಿಯಿತು.

ಆಮೇಲೆ ಬಾಯಲ್ಲಿ ಹೇಳಿದರೆ ಕರೆ ಮಾಡುವ ಫೋನು ತಂದೆ. ದೊಡ್ಡಪ್ಪನ ಹೆಸರನ್ನು ಹೇಳುವ ಕಷ್ಟವೇ ಬೇಡವೆಂದು "ಯಜಮಾನರು" ಎಂದರೂ ಸಾಕು ಎಂಬಂತೆ ಮಾಡಿಕೊಟ್ಟೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಪಿಸುದನಿಯಲ್ಲಿ "ಯಜಮಾನ್ರು" ಎಂದರು. ಒಳಗಿನಿಂದ ಹೆಣ್ಣುದನಿ ಖಣಖಣ ನುಡಿಯಿತು: "ನಂಜುಂಡಪ್ಪಗೆ ಕರೆ ಮಾಡುತ್ತಿದ್ದೇನೆ."

ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

"ಯಾವಳ್ಲಾ ಅವಳು? ನಾನೇ ಎತ್ತದ ಎಸ್ರ ಅವಳ್ಯಾಕೆ ಎತ್ತಿದ್ಳು?"

"ಅದು ಮಿಶೀನು ದೊಡ್ಡಮ್ಮ!"

"ಮಿಶೀನಾದ್ರೇನು, ಎಣ್ಣಲ್ವಾ? ಆಯಸ್ಸು ಸವೆಯಾಕೆ ಯಾವ ಎಣ್ಣಾದ್ರೇನು?"

ಆಗಲಿ ಎಂದು ಗಂಡುದನಿಗೆ ಬದಲಾಯಿಸಿದೆ. ಅಂದಿನಿಂದ ಫೋನಿರುವ ಕೋಣೆಗೆ ತಲೆತುಂಬ ಸೆರಗು ಹೊದೆಯದೆ ಅವರು ಬರುತ್ತಿರಲಿಲ್ಲ!

ಇಷ್ಟಕ್ಕೆ ಬಿಟ್ಟಿದ್ದರೆ ನಾನು ಬುದ್ಧಿವಂತನಾಗುತ್ತಿದ್ದೆ. ಬಿಡಲಿಲ್ಲ. ಮಾತಾಡುವ ಸ್ಪೀಕರು ಬಂತಲ್ಲ, ಗಿಂಡಿಯಷ್ಟು ಗಾತ್ರದ್ದು, ಅದನ್ನು ತಂದು ನಡುಮನೆಯಲ್ಲಿಟ್ಟೆ. ದೊಡ್ಡಪ್ಪ ಮಗುವಿನ ಹಾಗೆ ಕುಣಿದರು. ಬೆಳಿಗ್ಗೆ ಎದ್ದರೆ "ಶುಭೋದಯ, ನಂಜುಂಡಪ್ಪ" ಅನ್ನುತ್ತದೆ. ಭತ್ತದ ರೇಟು ಕೇಳಿದರೆ "ನಂಜುಂಡಪ್ಪ, ಇಂದಿನ ದರ..." ಅನ್ನುತ್ತದೆ. ಅದು ಒಂದೊಂದು ಸಲ ಹೆಸರು ಹಿಡಿದಾಗಲೂ ಅಡುಗೆಮನೆಯಿಂದ ದೊಡ್ಡಮ್ಮ ಓಡಿಬಂದು ದೊಡ್ಡಪ್ಪನ ಹಣೆಗೆ ವಿಭೂತಿ ಎಳೆದು, "ನೂರ್ಕಾಲ ಬಾಳ್ಲಿ, ನೂರ್ಕಾಲ ಬಾಳ್ಲಿ" ಅನ್ನುತ್ತಿದ್ದರು. ಅದು ಸವೆಸಿದ್ದನ್ನು ಇವರು ತುಂಬಿಕೊಡಬೇಡವೇ? ಮಧ್ಯಾಹ್ನವಾಗುವಷ್ಟರಲ್ಲಿ ದೊಡ್ಡಪ್ಪನ ಹಣೆಗೆ ಸುಣ್ಣ ಬಳಿದಂತಾಗಿರುತ್ತಿತ್ತು. ಅಂಗಡಿಗೆ ಬಂದ ಗಿರಾಕಿಗಳು, ಸ್ವಾಮೀಜಿ ಯಾವಾಗ ಆದ್ರಿ ಯಜಮಾನ್ರೇ ಎಂದು ಕೇಳತೊಡಗಿದರು.

ಒಂದು ದಿನ ಹೋಗಿ ನೋಡುತ್ತೇನೆ, ಸ್ಪೀಕರೇ ಇಲ್ಲ. ಹುಡುಕಿದರೆ ಅಕ್ಕಿ ಡಬ್ಬದ ತಳದಲ್ಲಿ, ಹಳೇ ಪಂಚೆ ಸುತ್ತಿಸಿಕೊಂಡು ಕೂತಿದೆ!

"ನೋಡ್ಲಾ ಮಗಾ," ಎಂದರು ದೊಡ್ಡಮ್ಮ. "ಯಾರೂ ಮಾತಾಡ್ಸದೇ ಇದ್ದಾಗ್ಲೂ ಅದ್ರ ದೀಪ ಅತ್ಕಂತದೆ. ಕಿವಿ ಕೊಟ್ಕಂಡು ಕೂತದೆ ಕಣ್ಲಾ. ಯಾರ ಎಸ್ರು ಕೂಗ್ಲಿ ಅಂತ ಕಾಯ್ತಾ ಕೂತದೆ."

ನಾನು ಗಹಗಹಿಸಿ ನಕ್ಕೆ. ಆದರೆ ಅಂದು ಸಂಜೆ ಅಂಗಡಿಯ ಬಾಗಿಲು ಹಾಕುವಾಗ, ಕಪಾಟಿನಲ್ಲಿದ್ದ ಅಂಥದ್ದೇ ಒಂದು ಸ್ಪೀಕರು ಯಾರೂ ಕೇಳದೆ ಪಕ್ಕನೆ ದೀಪ ಹತ್ತಿಸಿ ಆರಿಸಿತು. ಅದನ್ನು ಗೋಡೆ ಕಡೆಗೆ ತಿರುಗಿಸಿಟ್ಟು ಮನೆಗೆ ಬಂದೆ. ಮಾರುವವನೇ ಹೆದರಿದರೆ ಕೊಳ್ಳುವವನ ಗತಿಯೇನು? ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಕಳೆದ ತಿಂಗಳು ದೊಡ್ಡಪ್ಪ ನಂಜನಗೂಡಿಗೆ ಬಂದು, ನನ್ನ ಅಂಗಡಿಯಲ್ಲಿ ಕಾಫಿ ಕುಡಿದು, ಮೈಸೂರಿಗೆ ಸ್ಕೂಟರಿನಲ್ಲಿ ಹೊರಟರು. ತಾಂಡವಪುರದ ಹತ್ತಿರ ನಾಯಿ ಅಡ್ಡಬಂತು. ತಲೆಗೆ ಪೆಟ್ಟು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಚ್ಚರವಾಗಬೇಕಾದ ಹೊತ್ತು ಮೀರಿದರೂ ದೊಡ್ಡಪ್ಪ ಕಣ್ಣು ಬಿಡಲಿಲ್ಲ.

ಒಳಗೆ ಯಾರನ್ನೂ ಬಿಡುವಂತಿರಲಿಲ್ಲ. ಹೊರಗಿನ ಕೋಣೆಯಲ್ಲಿ ಒಂದು ಟ್ಯಾಬ್ ಇಟ್ಟಿದ್ದರು, ಅದರ ಜೋಡಿ ಒಳಗೆ ದೊಡ್ಡಪ್ಪನ ಹಾಸಿಗೆಯ ಪಕ್ಕದಲ್ಲಿ. ಇಲ್ಲಿ ಮಾತಾಡಿದರೆ ಅಲ್ಲಿ ಕೇಳಿಸುತ್ತದೆ, ಅಲ್ಲಿಯ ಮುಖ, ಮಾತು ಎರಡೂ ಇಲ್ಲಿ ಬರುತ್ತವೆ. "ಪರಿಚಯದ ದನಿ ಕೇಳಿದರೆ ಕೆಲವು ಸಲ ಬೇಗ ಎಚ್ಚರವಾಗುತ್ತೆ. ಹೆಸರು ಹಿಡಿದು ಕರೀರಿ" ಎಂದರು ಡಾಕ್ಟರಮ್ಮ. ಸಿಸ್ಟರು "ನಂಜುಂಡಪ್ಪಾ, ಕಣ್ ಬಿಡಿ" ಎಂದು ಕೂಗಿ ನೋಡಿದ್ದರು. ನಾನು "ದೊಡ್ಡಪ್ಪಾ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ರೆಪ್ಪೆ ಅಲುಗಲಿಲ್ಲ. ಡಾಕ್ಟರಮ್ಮ ದೊಡ್ಡಮ್ಮನ ಕಡೆ ತಿರುಗಿದರು.

"ನೀವು ಕರೀರಮ್ಮ. ಹೆಸರು ಹೇಳಿ."

ದೊಡ್ಡಮ್ಮ ನನ್ನ ಮುಖ ನೋಡಿದರು. ಅಂಥ ಭಯವನ್ನು ನಾನು ಮನುಷ್ಯರ ಕಣ್ಣಿನಲ್ಲಿ ಕಂಡಿಲ್ಲ. ಹೇಳಿದರೆ ಆಯಸ್ಸು ಹೋಗುತ್ತದೆ, ಹೇಳದಿದ್ದರೆ ಆಳೇ ಹೋಗುತ್ತಾರೆ. ಆಮೇಲೆ ಕೊರಳಲ್ಲಿದ್ದ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡು, "ಶಿವನೇ, ಒಂದ್ಗಳಿಗೆ ಕಿವಿ ಮುಚ್ಕೊಳಪ್ಪ" ಎಂದು ಬೇಡಿ, ಟ್ಯಾಬಿನ ಹತ್ತಿರ ಬಗ್ಗಿದರು.

"ನಂ... ನಂಜುಂಡಪ್ನೋರೇ."

ಏನೂ ಆಗಲಿಲ್ಲ. ಅಷ್ಟು ದೊಡ್ಡ ತ್ಯಾಗ ಮಾಡಿ ಹೇಳಿದ ಹೆಸರು, ಪರದೆಯ ಆಚೆ ಸುಮ್ಮನೆ ಬಿದ್ದುಹೋಯಿತು. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಆ ಗಾಜಿನ ಹಲಗೆಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು ಬೋರೆಂದು ಅತ್ತರು.

"ಏನೂಂದ್ರೇ! ಅಯ್ಯೋ ಏಳೀ ಅಂದ್ರೆ! ಇಷ್ಟೊತ್ತಾದ್ರೂ ಮನೀಕಂಡಿದ್ದೀರಲ್ಲಾ, ಅಂಗ್ಡಿ ಬಾಗ್ಲು ಯಾರು ತೆಗೆದಾರು?"

ದೊಡ್ಡಪ್ಪನ ಹುಬ್ಬು ಗಂಟಿಕ್ಕಿತು. ತುಟಿ ಅಲುಗಿತು. ಸಿಸ್ಟರು ಬಗ್ಗಿ ಕಿವಿಗೊಟ್ಟರು. ನಮಗೂ ಕೇಳಿಸಿತು, ಕ್ಷೀಣವಾಗಿ, ಸ್ವಲ್ಪ ಸಿಡುಕಿನಿಂದ:

"ಬಂದೇ... ತಾಳೇ."

ಊರೆಲ್ಲ ಅವರನ್ನು ನಂಜುಂಡಪ್ಪ ಎನ್ನುತ್ತಿತ್ತು. ಏನೂಂದ್ರೆ ಎನ್ನುತ್ತಿದ್ದವರು ಒಬ್ಬರೇ. ನಾನು ಗೋಡೆಗೆ ಮುಖ ತಿರುಗಿಸಿಕೊಂಡು ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಎಲ್ಲ ಗೆದ್ದಾಯಿತು ಎಂದು ನಾನಂದುಕೊಂಡಿದ್ದರೆ, ದೊಡ್ಡಮ್ಮ ಕೊರಳ ಲಿಂಗವನ್ನು ಇನ್ನೂ ಬಿಟ್ಟಿರಲಿಲ್ಲ.

"ಮಗಾ, ನಿನ್ನ ಫೋನು ತಗಿ. ಅದ್ರೊಳಗಿನವಳಿಗೆ ಎಲ್ಲಾ ಗೊತ್ತು ಅಂತಿದ್ದೆಯಲ್ಲಾ."

ತೆಗೆದು ಅಂಗೈಯಲ್ಲಿ ಹಿಡಿದೆ. ದೊಡ್ಡಮ್ಮ ಕಣ್ಣು ಮುಚ್ಚದೆ, ನೇರವಾಗಿ ಅದರ ಮುಂದೆ ಬಗ್ಗಿದರು.

"ಅವ್ವಾ, ತಾಯಿ, ಇವತ್ತು ಅವ್ರ ಎಸ್ರು ಏಳ್ಬುಟ್ಟೆ ಕಣವ್ವ. ಅವ್ರ ಆಯಸ್ಸಲ್ಲಿ ಎಷ್ಟು ಓಗಿದ್ದದೋ ಅಷ್ಟ್ನೂ ನನ್ನದ್ರಲ್ಲಿ ಮುರ್ಕೊಂಡು ಅವ್ರಿಗೆ ಆಕ್ಬುಡು."

ಫೋನಿನ ಪರದೆ ಆರಿತ್ತು. ಅದಕ್ಕೆ ಏನೂ ಕೇಳಿಸಿರಲಿಲ್ಲ.

"ಏನಂದ್ಲು?"

ಆಯ್ತಂತೆ ಎಂದುಬಿಡೋಣ ಎಂದು ಬಾಯಿ ತೆರೆದೆ. ಹಾಗೆಂದರೆ ಇವರ ಆಯಸ್ಸು ಕಮ್ಮಿಯಾಗುತ್ತದಲ್ಲ! ಮಿಶೀನು ಮಾರುವವನು ನಾನು, ಇದೆಲ್ಲ ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು. ಆದರೂ ನನಗೆ ಹೆದರಿಕೆಯಾಯಿತು.

"ನಿನ್ನದು ಬೇಡ್ವಂತೆ ದೊಡ್ಡಮ್ಮ. ನನ್ನದ್ರಲ್ಲಿ ಮುರ್ಕೊಳ್ತಾಳಂತೆ."

ಬೆನ್ನ ಮೇಲೆ ಪಟ್ಟೆಂದು ಏಟು ಬಿತ್ತು. "ಥೂ, ಮುಂಡೇದೆ! ಬಾಳಿ ಬದುಕೋ ಮಗ ಆಡೋ ಮಾತೇನ್ಲಾ ಇದು? ಬುಡ್ತು ಅನ್ನು! ಅನ್ಲಾ ಮೊದ್ಲು!"

"ಬಿಡ್ತು" ಎಂದೆ. ಅವರು ಅತ್ತ ತಿರುಗಿ ಕಣ್ಣೊರೆಸಿಕೊಳ್ಳುವಾಗ, ಅವರು ಫೋನಿನ ಮುಂದೆ ಆಡಿದ ಮಾತಿಗೂ ಸೇರಿಸಿ, ಇನ್ನೊಂದು ಸಲ ಬಿಡ್ತು ಎಂದೆ.